ಏರು ಬಂದರೆ ಆಫ್ ಆಗುವ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್: ನಿಮಗೂ ಹೀಗಾಗಿದೆಯಾ?

ಕೇಳಿದವರು, ಮೈಸೂರು: ಮನೆಯಲ್ಲೇ ಕಟ್ಟಿದ ಬೋರ್ಡ್. ಹಳೇ ಲ್ಯಾಪ್‌ಟಾಪ್ ಸೆಲ್‌ಗಳ 10ಎಸ್2ಪಿ ಪ್ಯಾಕ್ (ಎರಡೆರಡು ಸೆಲ್‌ನ 10 ಗುಂಪು ಸಾಲಾಗಿ), ಒಂದೇ ಮೋಟರ್. ಸಮ ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಏರು ಬಂತೋ, ಪೂರ್ತಿ ಆಫ್. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಜೀವ ಬರುತ್ತದೆ. ಮೀಟರ್‌ನಲ್ಲಿ 37 ವೋಲ್ಟ್ ಇದೆ. ಅನುಭವ ಇದ್ದವರು ಹೇಳಿ.

ಬೆಂಗಳೂರಿನಿಂದ: ನಿಂತಾಗ 37 ತೋರಿಸಿದರೆ ನಂಬಬೇಡಿ. ನಾನು ನಂಬಿ 4 ತಿಂಗಳು ಹಾಳು ಮಾಡಿಕೊಂಡೆ. ಮೊದಲು ಮೋಟರ್‌ಗೆ ಕರೆಂಟ್ ಕೊಡುವ ಕಂಟ್ರೋಲರ್ ಬದಲಿಸಿದೆ, 6,800 ರೂಪಾಯಿ. ಆಮೇಲೆ ರಿಮೋಟ್, 1,900. ಕೊನೆಗೆ ನೋಡಿದರೆ ತೊಂದರೆ ಪ್ಯಾಕಿನಲ್ಲೇ. ಹಳೇ ಸೆಲ್ ಒಂದೊಂದರ ಒಳರೋಧ 70 ಮಿಲಿಓಮ್ ಬಂತು. ಎರಡೆರಡು ಜೋಡಿಸಿದ 10 ಗುಂಪು ಅಂದರೆ ಒಟ್ಟು 0.35 ಓಮ್. 20 ಆಂಪ್ ಎಳೆದರೆ 7 ವೋಲ್ಟ್ ಅಲ್ಲೇ ಹೋಯಿತು, 37 ಇದ್ದದ್ದು 30. ಅದರಲ್ಲಿ ಒಂದು ಗುಂಪು ಸೋತಿದ್ದರೆ ಸಾಕು, ಬಿಎಂಎಸ್ (ಪ್ರತಿ ಗುಂಪಿನ ವೋಲ್ಟೇಜ್ ನೋಡಿ ಪ್ಯಾಕ್ ಕಾಯುವ ಸರ್ಕ್ಯೂಟ್) ಕಟ್ ಮಾಡುತ್ತದೆ. ಎಸ್.ಪಿ. ರೋಡ್‌ನಲ್ಲಿ ಹೊಸ ಸೆಲ್ 20 ತಂದೆ, ಒಂದಕ್ಕೆ 280ರಂತೆ 5,600. ಸೆಲ್ ಜೋಡಿಸುವ ನಿಕಲ್ ಪಟ್ಟಿ ಅಂತ 450ಕ್ಕೆ ಕೊಟ್ಟದ್ದು ಬರೀ ನಿಕಲ್ ಬಳಿದ ಕಬ್ಬಿಣ. ಉಪ್ಪುಕಾಗದದಲ್ಲಿ ಉಜ್ಜಿ ಉಪ್ಪುನೀರಲ್ಲಿ ಹಾಕಿಟ್ಟೆ, ಬೆಳಗ್ಗೆ ಲೋಟದ ತಳದಲ್ಲಿ ಕೆಂಪು ತುಕ್ಕು. ಎಲ್ಲಾ ಕಿತ್ತು ಮತ್ತೆ ವೆಲ್ಡ್ ಮಾಡಿದೆ.

ಹುಬ್ಬಳ್ಳಿಯಿಂದ: ಇಷ್ಟೆಲ್ಲ ಖರ್ಚು ಯಾಕ್ರೀ? ನಾನು ಬಿಎಂಎಸ್ ಚಾರ್ಜ್ ಮಾಡೋಕೆ ಮಾತ್ರ ಇಟ್ಟಿದ್ದೇನೆ. ಮೋಟರ್‌ಗೆ ಹೋಗುವ ವೈರ್ ಪ್ಯಾಕ್‌ನಿಂದ ನೇರ. ಕಂಟ್ರೋಲರ್‌ನಲ್ಲೇ 34 ವೋಲ್ಟ್‌ಗೆ ಶಕ್ತಿ ಇಳಿಸಲು ಶುರು, 30ಕ್ಕೆ ಬಂದ್ ಅಂತ ಸೆಟ್ ಮಾಡಿದೆ. ಒಮ್ಮೆಲೇ ಸಾಯುವುದಿಲ್ಲ, ಮೆಲ್ಲಗೆ ಶಕ್ತಿ ಇಳಿಯುತ್ತದೆ. 600 ಕಿಲೋಮೀಟರ್ ಓಡಿಸಿದ್ದೇನೆ.

ಬೆಂಗಳೂರಿನಿಂದ: ಹಳೇ ಸೆಲ್ ಇಟ್ಟುಕೊಂಡವರಿಗೆ ಈ ಸಲಹೆ ಕೊಡಬೇಡಿ! ಕಂಟ್ರೋಲರ್ ನೋಡುವುದು ಒಟ್ಟು ವೋಲ್ಟೇಜ್ ಮಾತ್ರ. ಒಂದು ಗುಂಪು 2 ವೋಲ್ಟ್‌ಗೆ ಬಿದ್ದರೂ ಉಳಿದವು 3.5 ಇದ್ದರೆ ಅದಕ್ಕೆ ಗೊತ್ತೇ ಆಗಲ್ಲ. ಹಾಗೆ ಬಿದ್ದ ಸೆಲ್ ಚಾರ್ಜ್‌ಗೆ ಹಾಕಿದಾಗ ಏನಾಗುತ್ತದೆ ಅಂತ ನನ್ನ ಮಂಚದ ಪಕ್ಕದ ಗೋಡೆ ನೋಡಿದರೆ ತಿಳಿಯುತ್ತದೆ. ಮಸಿ ಇನ್ನೂ ಹೋಗಿಲ್ಲ.

ಹುಬ್ಬಳ್ಳಿಯಿಂದ: ಮಂಚದ ಪಕ್ಕ ಚಾರ್ಜ್ ಹಾಕಿದ್ದು ನಿಮ್ಮ ತಪ್ಪು. ನಾನು ವಾರಕ್ಕೊಮ್ಮೆ ಪ್ರತಿ ಗುಂಪನ್ನೂ ಅಳೆಯುತ್ತೇನೆ.

ಉಡುಪಿಯಿಂದ: ಇಬ್ಬರೂ ಬ್ರೇಕ್ ವಿಷಯ ಮರೆತಿರಿ ಮಾರಾಯ್ರೇ. ಬಿಎಂಎಸ್ ಕಟ್ ಆದರೆ ಬ್ರೇಕೂ ಹೋಯಿತು. ಬ್ರೇಕ್ ಹಿಡಿದಾಗ ಮೋಟರ್ ಪ್ಯಾಕಿಗೇ ಕರೆಂಟ್ ವಾಪಸ್ ತಳ್ಳುವುದು ಅಲ್ವಾ? ನಾನು ಫುಲ್ ಚಾರ್ಜ್ ಮಾಡಿಕೊಂಡು, 42 ವೋಲ್ಟ್ ಇರುವಾಗಲೇ ಇಳಿಜಾರಿಗೆ ಇಳಿದೆ. ವೋಲ್ಟೇಜ್ ಜಾಸ್ತಿ ಅಂತ ಬಿಎಂಎಸ್ ಕಟ್. ಬ್ರೇಕ್ ಒತ್ತಿದರೆ ಏನೂ ಇಲ್ಲ. ಬಲಗೈ ಮಣಿಕಟ್ಟು ಮುರಿಯಿತು. 6 ವಾರ ಪ್ಲಾಸ್ಟರ್, 23,000 ರೂಪಾಯಿ, ಅಮ್ಮ ಬೋರ್ಡನ್ನು ಅಟ್ಟಕ್ಕೆ ಹಾಕಿಸಿದರು. ಈಗ 90 ಶೇಕಡಕ್ಕಿಂತ ಜಾಸ್ತಿ ಚಾರ್ಜ್ ಮಾಡುವುದೇ ಇಲ್ಲ.

ದಾವಣಗೆರೆಯಿಂದ: ಎಲ್ಲರೂ ಸೆಲ್ ಸೆಲ್ ಅಂತೀರಿ. ನನ್ನದು ಇದೇ ಥರ ಆಗುತ್ತಿತ್ತು, ಕಾರಣ ಬೆಸುಗೆ. ಪ್ಯಾಕಿನ ಎಕ್ಸ್‌ಟಿ60 ಕನೆಕ್ಟರ್ ಮೇಲಿನ ಹೀಟ್ ಶ್ರಿಂಕ್ (ಪ್ಲಾಸ್ಟಿಕ್ ಕವಚ) ಕತ್ತರಿಸಿ ನೋಡಿದೆ. ವೈರ್ ಹೊಳೆಯುವ ಸೀಸದ ಗುಂಡಿಯೊಳಗೆ ಸುಮ್ನೆ ಕೂತಿತ್ತು, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. 25 ವಾಟ್ ಐರನ್‌ನಲ್ಲಿ ದಪ್ಪ ವೈರ್ ಬಿಸಿಯೇ ಆಗಿರಲಿಲ್ಲ. 60 ವಾಟ್‌ನದು ತಂದು ಮಾಡಿದೆ, ಸರಿಹೋಯಿತು.

ಬೆಂಗಳೂರಿನಿಂದ: ಬೆಸುಗೆ ಸಡಿಲ ಇದ್ದರೆ ಗುಂಡಿ ಬಿದ್ದ ರಸ್ತೆಯಲ್ಲೂ ಆಫ್ ಆಗಬೇಕು. ಇವರಿಗೆ ಏರಿನಲ್ಲಿ ಮಾತ್ರ.

ದಾವಣಗೆರೆಯಿಂದ: ನನಗೂ ಏರಿನಲ್ಲೇ ಆಗುತ್ತಿತ್ತು ಸರ್. ಕರೆಂಟ್ ಜಾಸ್ತಿ ಹರಿದಾಗಲೇ ಅಲ್ಲಿ ಬಿಸಿಯಾಗುವುದು. ನಿಮ್ಮದು ಪ್ಯಾಕ್ ಅಂತ ಎಲ್ಲರದ್ದೂ ಪ್ಯಾಕೇ ಆಗಬೇಕಾ?

ಕೇಳಿದವರು, ಮೈಸೂರು: ಕನೆಕ್ಟರ್ ಬಿಚ್ಚಿ ನೋಡಿದೆ, ಬೆಸುಗೆ ಗಟ್ಟಿ ಇದೆ. ಆಫ್ ಆದ ಕೂಡಲೇ ಒಂದೊಂದು ಗುಂಪನ್ನೂ ಅಳೆದೆ. ಒಂಬತ್ತು 3.7ರ ಆಸುಪಾಸು, ಏಳನೆಯದು 3.3. ಅದೊಂದನ್ನೇ ಬದಲಿಸಿದರೆ ಸಾಕಾ?

ಹುಬ್ಬಳ್ಳಿಯಿಂದ: ಸಾಕಾಗಲ್ಲ ತಮ್ಮ. ನಾನು ಹಾಗೆ ಒಂದು ಬದಲಿಸಿದೆ, ಮುಂದಿನ ತಿಂಗಳು ಎರಡನೆಯದು, ಆಮೇಲೆ ಒಂಬತ್ತನೆಯದು. ಅಷ್ಟು ಹಳೇ ಪ್ಯಾಕ್‌ಗೆ ನನ್ನ ಥರ ನೇರ ವೈರ್ ಎಳೆಯಲೂಬೇಡ.