ಅಜ್ಜಿಯ ಪ್ಲೇಯರಿನಲ್ಲಿ ಓಡದ ಮದುವೆ ಡಿಸ್ಕ್: ಯಾವ ಡಿವಿಡಿ, ಯಾವ ಫಾರ್ಮ್ಯಾಟ್?

ನಾಪೋಕ್ಲುವಿನಿಂದ:
2004ರಲ್ಲಿ ನಡೆದ ಅಕ್ಕನ ಮದುವೆಯ ಮೂರು ಮಿನಿಡಿವಿ (ವಿಡಿಯೊ ಕ್ಯಾಮೆರಾದ ಪುಟ್ಟ) ಟೇಪುಗಳು ಐನ್‌ಮನೆಯ, ಅಂದರೆ ನಮ್ಮ ಕುಟುಂಬದ ಮೂಲಮನೆಯ, ಮರದ ಪೆಟ್ಟಿಗೆಯಲ್ಲಿದ್ದವು. ಈ ಮಳೆಗಾಲದಲ್ಲಿ ತೆರೆದು ನೋಡಿದರೆ ಒಂದಕ್ಕೆ ಬೂಷ್ಟು ಹಿಡಿದಿದೆ. ಉಳಿದ ಎರಡನ್ನು ಹಳೆಯ ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿ, ಎಂಪಿ4 ಮಾಡಿ, ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕಿಗೆ ಬರ್ನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಅಜ್ಜಿಯ ಹಳೆಯ ಪ್ಲೇಯರಿಗೆ ಹಾಕಿದರೆ ಗಿರಗಿರನೆ ತಿರುಗಿ ‘ಡಿಸ್ಕ್ ಇಲ್ಲ’ ಎಂದು ತೋರಿಸುತ್ತದೆ. ಮದುಮಗಳು ಬಾವಿಯಿಂದ ನೀರು ಹೊರುವ ಗಂಗಾಪೂಜೆಯನ್ನು ಮತ್ತೆ ನೋಡಬೇಕೆಂಬುದು ಅಜ್ಜಿಯ ಆಸೆ. ಪುತ್ತರಿ ಹಬ್ಬಕ್ಕೆ ಎಲ್ಲರೂ ಸೇರುವುದರೊಳಗೆ ಸರಿಪಡಿಸಬೇಕು. ಡಿಸ್ಕ್ ಬದಲಿಸಬೇಕೋ, ಫೈಲ್ ಬದಲಿಸಬೇಕೋ?

ಗೋಣಿಕೊಪ್ಪದಿಂದ:
ಪೆನ್‌ಡ್ರೈವ್ ಸಾಲದೇ? ನೇರವಾಗಿ ಟಿವಿಗೆ ಚುಚ್ಚಿದರಾಯಿತು.

ನಾಪೋಕ್ಲುವಿನಿಂದ:
ಪಿಕ್ಚರ್ ಟ್ಯೂಬಿನ ಟಿವಿ. ಯುಎಸ್‌ಬಿ ಕಿಂಡಿ ಅದರಲ್ಲೂ ಇಲ್ಲ, ಪ್ಲೇಯರಿನಲ್ಲೂ ಇಲ್ಲ.

ಮಡಿಕೇರಿಯಿಂದ:
ಎರಡನ್ನೂ ಬದಲಿಸಿ. ನೀವು ಮಾಡಿರುವುದು ಡೇಟಾ ಡಿಸ್ಕ್. ಹಳೆಯ ಪ್ಲೇಯರಿಗೆ ಎಂಪಿ4 ಎಂದರೇನೆಂದೇ ಗೊತ್ತಿಲ್ಲ. ಅದು ಹುಡುಕುವುದು ವಿಡಿಯೊ_ಟಿಎಸ್ ಎಂಬ ಫೋಲ್ಡರನ್ನು, ಅದರೊಳಗಿನ ಎಂಪೆಗ್-2 ವಿಡಿಯೊವನ್ನು. ಡಿವಿಡಿ ಆಥರಿಂಗ್ (ಪ್ಲೇಯರಿಗೆ ಓಡುವ ಡಿಸ್ಕ್ ಸಿದ್ಧಪಡಿಸುವ) ತಂತ್ರಾಂಶದಲ್ಲಿ ‘ಡಿವಿಡಿ-ವಿಡಿಯೊ’ ಆರಿಸಿ, ನಮ್ಮ ಟಿವಿಗಳ ಮಾದರಿಯಾದ ಪಾಲ್, ಚಿತ್ರದ ಅಳತೆ 720×576 ಇಡಿ. ಎಂಪಿ4ನಿಂದ ಮಾಡಬೇಡಿ, ಟೇಪಿನಿಂದ ಇಳಿಸಿದ ಮೂಲ ಡಿವಿ ಫೈಲಿನಿಂದಲೇ ಮಾಡಿ. ಎರಡು ಬಾರಿ ಹಿಂಡಿದ ಚಿತ್ರದಲ್ಲಿ ಸೀರೆಯ ಜರಿಯೆಲ್ಲ ಕಲಸಿಹೋಗುತ್ತದೆ.

‘ಡಿಸ್ಕ್ ಇಲ್ಲ’ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಆರ್‌ಡಬ್ಲ್ಯೂ ಡಿಸ್ಕ್ ಲೇಸರ್ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಹಳೆಯ ಪ್ಲೇಯರುಗಳಿಗೆ ಅದು ಕಾಣದೇ ಹೋಗಬಹುದು. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ-ಆರ್ ಕೊಳ್ಳಿರಿ. ಡಿವಿಡಿ-ಆರ್ ಬಂದದ್ದು 1997ರಲ್ಲಿ, ಡಿವಿಡಿ+ಆರ್ 2002ರಲ್ಲಿ. ಹಾಗಾಗಿ ಹಳೆಯ ಯಂತ್ರಗಳಿಗೆ ಮೈನಸ್ (-) ಗುರುತಿನ ಡಿಸ್ಕೇ ಹೆಚ್ಚು ಪರಿಚಿತ. ಮೇಲೆ 4.7 ಜಿಬಿ ಎಂದಿದ್ದರೂ ಕಂಪ್ಯೂಟರ್ ಸುಮಾರು 4.37 ತೋರಿಸುತ್ತದೆ, ಗಾಬರಿಯಾಗಬೇಡಿ. ಒಂದು ಡಿಸ್ಕಿಗೆ ಒಂದು ಗಂಟೆಯ ಒಂದೇ ಟೇಪು ಹಾಕಿ, ವಿಡಿಯೊಗೆ ಸೆಕೆಂಡಿಗೆ 8 ಮೆಗಾಬಿಟ್ ಕೊಡಿ. ಎರಡನ್ನೂ ಒಂದರಲ್ಲೇ ತುರುಕಿದರೆ ಅದು 4.5ರ ಆಸುಪಾಸಿಗೆ ಇಳಿಯುತ್ತದೆ. ಬರ್ನ್ ಮಾಡಲು 4ಎಕ್ಸ್ ಅಥವಾ 8ಎಕ್ಸ್ ವೇಗ ಸಾಕು. ಕೊನೆಯಲ್ಲಿ ಫೈನಲೈಸ್ ಮಾಡುವುದನ್ನು (ಬೇರೆ ಪ್ಲೇಯರುಗಳೂ ಓದುವಂತೆ ಡಿಸ್ಕನ್ನು ಮುಗಿಸುವ ಹಂತ) ಮರೆಯಬೇಡಿ. ಬರ್ನ್ ಆಗುವಾಗ ಕರೆಂಟ್ ಹೋದರೆ ಡಿಸ್ಕ್ ವ್ಯರ್ಥ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ.

ನಾಪೋಕ್ಲುವಿನಿಂದ:
ಓಡಿತು! ಆದರೆ ವಾಲಗಕ್ಕೆ ಕುಣಿಯುವ ಕಡೆ ಕೈಕಾಲುಗಳು ಹಿಂದೆ ಮುಂದೆ ನಡುಗುತ್ತವೆ. ಸುಮ್ಮನೆ ಕುಳಿತವರು ಸರಿಯಾಗಿದ್ದಾರೆ.

ಮಡಿಕೇರಿಯಿಂದ:
ಫೀಲ್ಡ್ ಕ್ರಮ ತಲೆಕೆಳಗಾಗಿದೆ. ಪ್ರತಿ ಚೌಕಟ್ಟಿನಲ್ಲೂ ಸರಿ ಗೆರೆಗಳದ್ದೊಂದು, ಬೆಸ ಗೆರೆಗಳದ್ದೊಂದು, ಹೀಗೆ ಎರಡು ಫೀಲ್ಡುಗಳಿರುತ್ತವೆ. ಮಿನಿಡಿವಿಯಲ್ಲಿ ಕೆಳಗಿನದು ಮೊದಲು. ನಿಮ್ಮ ತಂತ್ರಾಂಶ ಮೇಲಿನದನ್ನು ಮೊದಲು ಎಂದು ಹಿಡಿದಿರಬೇಕು, ಹಾಗಾಗಿ ನಂತರ ನಡೆದ ಚಲನೆ ಮೊದಲೇ ಬಂದು ಹಿಂದಕ್ಕೆ ಸರಿಯುತ್ತಿದೆ. ‘ಲೋಯರ್ ಫೀಲ್ಡ್ ಫಸ್ಟ್’ ಎಂದು ಬದಲಿಸಿ, ಕುಣಿತದ ಎರಡು ನಿಮಿಷವನ್ನಷ್ಟೇ ಬರ್ನ್ ಮಾಡಿ ಅಜ್ಜಿಯ ಟಿವಿಯಲ್ಲೇ ಪರೀಕ್ಷಿಸಿ. ಲ್ಯಾಪ್‌ಟಾಪಿನಲ್ಲಿ ಈ ದೋಷ ಕಾಣದೇ ಇರಬಹುದು.

ಡಿವಿ ಫೈಲುಗಳನ್ನು ದಯವಿಟ್ಟು ಅಳಿಸಬೇಡಿ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಆಗಲಿ. ಎರಡು ಹಾರ್ಡ್ ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಡಿವಿಡಿ ನೋಡುವುದಕ್ಕಾಗಿ ಮಾಡಿದ ಪ್ರತಿ ಮಾತ್ರ. ನಮ್ಮ ಜಿಲ್ಲೆಯ ತೇವದಲ್ಲಿ ಅದನ್ನೇ ನಂಬಿ ಕೂರಬಾರದು.

ಗೋಣಿಕೊಪ್ಪದಿಂದ:
ಬೂಷ್ಟು ಹಿಡಿದ ಟೇಪನ್ನು ಮಾತ್ರ ಕ್ಯಾಮೆರಾಕ್ಕೆ ಹಾಕಲೇಬೇಡಿ. ಟೇಪು ಓದುವ ಹೆಡ್‌ಗೆ ಅಂಟಿದ ಬೂಷ್ಟು ಮುಂದಿನ ಟೇಪಿಗೂ ಹರಡುತ್ತದೆ.

ನಾಪೋಕ್ಲುವಿನಿಂದ:
ಕುಣಿತ ಸರಿಯಾಯಿತು. ಅಜ್ಜಿ ಗಂಗಾಪೂಜೆಯನ್ನು ಎರಡು ಸಲ ನೋಡಿದರು, ಈಗ ಇಲ್ಲದವರ ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಮೂರನೆಯ ಟೇಪನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟಿದ್ದೇನೆ. ಟೇಪು ಶುಚಿಗೊಳಿಸುವುದನ್ನು ಬಲ್ಲವರು ಮೈಸೂರಿನ ಕಡೆ ಇದ್ದರೆ ತಿಳಿಸಿ, ನಾನೇ ತಂದುಕೊಡುತ್ತೇನೆ.