ದಿನಾ ಬೆಳಿಗ್ಗೆ, ನಮ್ಮ ಹಿತ್ಲಿಂದ್ಲೇ ಸಾರ್

ಹಲೋ... ರೆಕಾರ್ಡ್ ಆಯ್ತಾ ಅದಾ ಇದು? ಸೆಕೆಂಡು ಓಡ್ತಾ ಅದೆ, ಹಂಗಾರೆ ಆಯ್ತಾ ಅದೆ. ಮಗಾ, ದೊಡ್ಡತ್ತೆ ಮಾತಾಡ್ತಾ ಇರೋದು. ಇನ್ನೂ ಐದೂಕಾಲು, ಕನ್ನಡಕ ಎಲ್ಲಿಟ್ನೋ ಕಾಣೆ, ಟೈಪ್ ಮಾಡಕ್ಕಾಗಲ್ಲ. ಬಾಯಲ್ಲೇ ಹೇಳ್ಬುಡ್ತೀನಿ.

ರಾತ್ರಿ ನೀನು ಹಾಕಿದ್ದು ಈಗ ನೋಡ್ದೆ. ಪುಟ್ಟಿ ಟ್ಯೂಶನ್ ಟೆಸ್ಟಲ್ಲಿ ‘ಶಿ ಪ್ಲಕ್ಡ್ ಅಪ್ ಕರೇಜ್’ ಅನ್ನೋದಕ್ಕೆ ‘ಅವಳು ಧೈರ್ಯ ಕಿತ್ತುಹಾಕಿದಳು’ ಅಂತ ಬರೆದು ಸೊನ್ನೆ ತಗಂಡವ್ಳೆ, ಊಟ ಬಿಟ್ಟು ಕೂತವ್ಳೆ, ಮುಂದಿನ ತಿಂಗಳೇ ಎಸ್ಸೆಸ್ಸೆಲ್ಸಿ, ಏನ್ ಮಾಡ್ಲಿ ದೊಡ್ಡತ್ತೆ ಅಂತ. ಮೊದ್ಲು ಆ ಮಗೀಗೆ ಎರಡು ಇಡ್ಲಿ ತಿನ್ಸು. ಆಮೇಲೆ ನಾನು ಹೇಳೋದು ಕೇಳು: ಇಂಗ್ಲಿಷ್ ಪದಾನ ಒಂಟಿಯಾಗಿ ಬಾಯಿಪಾಠ ಮಾಡಿಸ್ಬ್ಯಾಡ. ಅದರ ಮುಂದೆ ಏನು ಬಂತು, ಹಿಂದೆ ಏನಿತ್ತು, ಅದನ್ನ ನೋಡಿಸು. ಒಂಟಿಯಾಗಿ ಕಲ್ತು ಕೆಟ್ಟೋಳು ನಾನು.

1974ರ ಇಂಟರ್‌ವ್ಯೂ ಕತೆ ನಿಮಗೆಲ್ಲಾ ಗೊತ್ತೇ ಅದೆ. ಗೊತ್ತಿದ್ರೂ ಇನ್ನೊಂದ್ಸಲ ಕೇಳಿ, ಏನೂ ಸವೆಯಲ್ಲ. ಪಿಯುಸೀಲಿ ಗಣಿತ ಒಂದ್ಸಲ ಡುಮ್ಕಿ ಹೊಡ್ದಿದ್ದೆ, ಅದನ್ನೇನು ನಾನು ಮುಚ್ಚಿಡಲ್ಲ. ನಿಮ್ಮಪ್ಪ ಎರಡು ಸಲ ಹೊಡ್ದವ್ನೆ, ಅವನನ್ನ ಕೇಳು. ಆಮೇಲೆ ಬಿಎ ಮುಗಿಸ್ದೆ. ಮೈಸೂರಲ್ಲಿ ಒಂದು ಆಫೀಸಿನ ಗುಮಾಸ್ತೆ ಕೆಲಸಕ್ಕೆ ಕಾಗದ ಬಂತು. ಅವತ್ತು ಅವ್ವ ಕತ್ಲಲ್ಲೇ ಎದ್ದು, ಮಂಡ್ಯದ ಮನೆ ಹಿತ್ಲಲ್ಲಿ ಕನಕಾಂಬರ ಬಿಡ್ಸಿ, ನಡುನಡುವೆ ಮರುಗ ಸೇರ್ಸಿ, ಬಾಳೆನಾರಲ್ಲಿ ಕಟ್ಟಿ ಒಂದು ಮೊಳ ಜಡೆಗೆ ಮುಡ್ಸಿದ್ಲು. ರೈಲು ಶ್ರೀರಂಗಪಟ್ಟಣ ದಾಟಿದ್ರೂ ಬೋಗಿ ತುಂಬಾ ಮರುಗದ ವಾಸ್ನೆ.

ಒಳಗೆ ಮೂರು ಜನ. ನಡುವೆ ಕೂತಿದ್ದೋರು ವಯಸ್ಸಾದೋರು, ಆ ಸೆಕೇಲೂ ಕೋಟು ಬಿಚ್ಚಿರ್ನಿಲ್ಲ. ನನ್ನ ಮಾರ್ಕ್ಸ್ ಕಾರ್ಡ್ ತಿರುವಿ ಹಾಕಿದ್ರು, ಕನ್ನಡಕದ ಮೇಲಿಂದ ನನ್ನ ನೋಡಿದ್ರು, ‘ವರ್ ಯು ಎವರ್ ಪ್ಲಕ್ಡ್?’ ಅಂದ್ರು. ನನ್ನ ತಲೇಲಿ ಪ್ಲಕ್ ಅಂದ್ರೆ ಹೂವ ಕೀಳೋದು, ಮುಗೀತು. ಮಿಡ್ಲ್ ಸ್ಕೂಲಲ್ಲಿ ಹಂಗೇ ಉರು ಹೊಡ್ಸಿದ್ರು. ಆ ‘ವರ್’ ಗಿರ್ ಏನೂ ಕಿವಿಗೆ ಬೀಳ್ನಿಲ್ಲ. ಕೈ ತಾನಾಗೇ ಜಡೆಗೆ ಹೋಯ್ತು. ‘ಎಸ್ ಸಾರ್, ಎವೆರಿ ಮಾರ್ನಿಂಗ್, ಫ್ರಮ್ ಅವರ್ ಓನ್ ಬ್ಯಾಕ್‌ಯಾರ್ಡ್’ ಅಂದ್ಬುಟ್ಟೆ.

ಪಕ್ಕದಲ್ಲಿದ್ದೋನು ಫೈಲು ಮುಖಕ್ಕೆ ಅಡ್ಡ ಹಿಡ್ಕಂಡ. ಇನ್ನೊಬ್ಬಂಗೆ ಕಾಫಿ ನೆತ್ತಿಗೇರ್ತು. ಕೋಟಿನೋರು ಮಾತ್ರ ನಗಲಿಲ್ಲ, ‘ಯು ಮೇ ಗೋ’ ಅಂದ್ರು. ಕೆಲಸ ಹೋಯ್ತು ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ. ಮಾರನೇ ದಿನ ಲೈಬ್ರರೀಲಿ ದಪ್ಪ ಡಿಕ್ಷನರಿ ತೆಗೆದು ನೋಡ್ತೀನಿ, ಪ್ಲಕ್ಡ್ ಅಂದ್ರೆ ಪರೀಕ್ಷೇಲಿ ಫೇಲಾದೋನು! ಆಕ್ಸ್‌ಫರ್ಡಲ್ಲಿ ಪದವಿ ಕೊಡೋವಾಗ ಪ್ರಾಕ್ಟರ್ ಅನ್ನೋ ಅಧಿಕಾರಿ ಅತ್ತಿಂದಿತ್ತ ನಡೀತಿದ್ರಂತೆ. ಹುಡುಗ ಯಾವನಾದ್ರೂ ಅಂಗಡೀಲಿ ಬಾಕಿ ಉಳ್ಸಿದ್ರೆ, ಅಂಗಡಿಯೋನು ಬಂದು ಅವರ ನಿಲುವಂಗಿ ಜಗ್ಗಿ ಪದವಿ ತಡೀಬಹುದಿತ್ತಂತೆ. ಆ ಜಗ್ಗೋದ್ರಿಂದ ಆ ಮಾತು ಬಂತು ಅಂತಾರೆ. ಅಂದ್ರೆ ಅವರು ಕೇಳಿದ್ದು ನನ್ನ ಗಣಿತದ ಡುಮ್ಕಿ ವಿಷಯ. ನಾನು, ದಿನಾ ಬೆಳಿಗ್ಗೆ ನಮ್ಮ ಹಿತ್ಲಲ್ಲೇ ಫೇಲಾಗ್ತೀನಿ ಅಂತ ಹೇಳಿ ಬಂದಿದ್ದೆ. ಈಗ ಯಾರೂ ಆ ಅರ್ಥದಲ್ಲಿ ಬಳಸಲ್ಲ ಬುಡು, ನನ್ನನ್ನ ಕೇಳಕ್ಕೆ ಅಂತಲೇ ಉಳ್ಕಂಡಿತ್ತೇನೋ ಅದು. ಆಮೇಲೆ ಸ್ಕೂಲಿಗೆ ಸೇರ್ಕಂಡು 31 ವರ್ಷ ಪಾಠ ಮಾಡ್ದೆ, ಒಂದು ಮಗೀಗೂ ಪದಾನ ಒಂಟಿಯಾಗಿ ಕಲ್ಸಲಿಲ್ಲ. ಅದಕ್ಕೇ ಮತ್ತೆ ಹೇಳ್ತೀನಿ, ಒಂಟಿಯಾಗಿ ಬಾಯಿಪಾಠ ಮಾಡಿಸ್ಬ್ಯಾಡ ಕಣವ್ವಾ.

ಆ ಕನಕಾಂಬರದ ಸಸೀನೇ ತಂದು ಇಲ್ಲಿ ಕುವೆಂಪುನಗರದ ಮನೆ ಮುಂದೆ ಹಾಕಿರೋದು. ದಾಸವಾಳ, ನಂದಿಬಟ್ಟಲು ಆಮೇಲೆ ಬಂದವು. ಹಾಕ್ದೋಳು ನಾನು, ನೀರು ಹೊಯ್ಯೋಳು ನಾನು, ದೇವರಿಗೆ ಒಂದು ಹೂವ ಬೇಕು ಅಂದ್ರೆ ದುಡ್ಡು ಕೊಟ್ಟು ತರೋಳೂ ನಾನು! ಹೂವ ಕೀಳೋರು ಐದೂವರೆಗೇ ಬರ್ತಾರೆ, ಕಾಲಿಗೆ ಬಿಳೀ ಶೂಸು, ಕೈಲಿ ಪ್ಲಾಸ್ಟಿಕ್ ಕವರು. ಒಬ್ಬರಂತೂ ಮಳೆ ಇಲ್ಲದ ದಿನಾನೂ ಛತ್ರಿ ತರ್ತಾರೆ, ಅದರ ಹಿಡೀನ ದೋಟಿ ಮಾಡ್ಕಂಡು ಕೊಂಬೆ ಬಗ್ಗಿಸ್ತಾರೆ. ಕೇಳಿದ್ರೆ ‘ದೇವರಿಗೆ ಆಂಟಿ’ ಅಂತಾರೆ. ನನ್ನ ಮನೇಲಿರೋದೇನು ದೇವರಲ್ವಾ? ಕಾಂಪೌಂಡು ಎರಡು ಅಡಿ ಏರ್ಸು ಅಂತ ನಿಮ್ಮ ಚಿಕ್ಕಪ್ಪಂಗೆ ಮೂರು ವರ್ಷದಿಂದ ಹೇಳ್ತಾ ಇದ್ದೀನಿ. ಇದೇ ಗ್ರೂಪಲ್ಲಿ ಅವ್ನೆ, ನೀಲಿ ಗುರುತು ಬೀಳ್ತದೆ, ಉತ್ತರ ಬರಲ್ಲ. ಯಾರದ್ದಾದ್ರೂ ಬರ್ತ್‌ಡೇ ಅಂದ್ರೆ ಮಾತ್ರ ಕೇಕು ಬತ್ತಿ ಹಾಕ್ತಾನೆ. ಮೊನ್ನೆ ದಾಸವಾಳದ ಕೊಂಬೆ ಬುಡದಿಂದ ಸಿಗಿದು, ಸಿಪ್ಪೇಲಿ ನೇತಾಡ್ತಾ ಇತ್ತು. ಅದನ್ನ ಪ್ಲಕ್ ಅಂತಲೂ ಅನ್ನಲ್ಲ, ಪಿಕ್ ಅಂತಲೂ ಅನ್ನಲ್ಲ, ಕಳ್ತನ ಅಂತಾರೆ.

ಆಂ, ಪ್ಲಕ್. ಪುಟ್ಟಿ. ಅದನ್ನ ಹೇಳಕ್ಕೆ ಬಂದು ಎಲ್ಲಿಗೋ ಹೋದೆ.

ನೋಡು, ಪ್ಲಕ್ ಅಂದ್ರೆ ವಸಿ ಜಗ್ಗಿ ಟಪ್ ಅಂತ ಬಿಡಿಸ್ಕಳೋದು. ಹೂವಿಗೆ ಪಿಕ್ ಅಂದ್ರೂ ಸರಿ, ಪ್ಲಕ್ ಅಂದ್ರೂ ಸರಿ. ಟೀ ಸೊಪ್ಪಿಗೆ ಪ್ಲಕ್ಕಿಂಗ್, ಕೊಡಗಲ್ಲಿ ಕಾಫಿ ಹಣ್ಣಿಗೆ ಪಿಕ್ಕಿಂಗ್. ಕೋಳಿ ಪುಕ್ಕ, ಹುಬ್ಬಿನ ಕೂದಲು ಎರಡಕ್ಕೂ ಪ್ಲಕ್. ಹಲ್ಲು ಕೀಳ್ಸಿದ್ರೆ ಮಾತ್ರ ಪುಲ್, ಅಲ್ಲಿ ಪ್ಲಕ್ ಬರೀಬಾರ್ದು. ಪಿಟೀಲು ಕಮಾನಲ್ಲಿ ನುಡಿಸೋದು, ವೀಣೆ ಬೆರಳಲ್ಲಿ ಮೀಟೋದು, ಆ ಮೀಟೋದೂ ಪ್ಲಕ್ಕೇ. ವೀಣೆ ಶೇಷಣ್ಣನವರು ನುಡಿಸಿದ ಊರಲ್ಲಿದ್ದು ಪುಟ್ಟಿಗೆ ಅಷ್ಟಾದ್ರೂ ಗೊತ್ತಿರಲಿ. ‘ಪ್ಲಕ್ ಎಟ್’ ಅಂತ ಬಂದ್ರೆ, ನೀನು ಚಿಕ್ಕೋಳಿದ್ದಾಗ ಜಾತ್ರೇಲಿ ನನ್ನ ಸೆರಗು ಜಗ್ತಿದ್ದೆಯಲ್ಲ, ಅದು.

ಇನ್ನು ಧೈರ್ಯ. ಕುರಿ ಕೊಯ್ದಾಗ ಒಳಗಿಂದ ಗುಂಡಿಗೆ, ಲಿವರು, ಶ್ವಾಸಕೋಶ ಎಲ್ಲಾ ಒಟ್ಟಿಗೆ ಕಿತ್ತು ತೆಗೀತಾರಲ್ಲ, ಇಂಗ್ಲಿಷಲ್ಲಿ ಅದರ ಹೆಸರೂ ಪ್ಲಕ್ಕೇ. ಗುಂಡಿಗೆಯಿಂದ ಆ ಪದ ಧೈರ್ಯಕ್ಕೆ ಬಂತು. ನಮ್ಮಲ್ಲೂ ‘ಗುಂಡಿಗೆ ಇರೋನು’ ಅಂತೀವಲ್ಲ, ಹಂಗೆ. ‘ಪ್ಲಕ್ ಅಪ್ ಕರೇಜ್’ ಅನ್ನೋದು ಕಳೆ ಕಿತ್ತು ಬದೂಗೆ ಎಸೆದಂಗಲ್ಲ, ಬಾವಿಯಿಂದ ನೀರು ಸೇದ್ದಂಗೆ. ತಳದಲ್ಲಿ ಇರೋದನ್ನೇ ಮೇಲಕ್ಕೆ ಎಳ್ಕಳೋದು. ‘ಧೈರ್ಯ ತಂದುಕೊಂಡಳು’ ಅಂತ ಬರೀಬೇಕಿತ್ತು. ಅಪ್ ಕಂಡ್ರೆ ಸೇದು ಅಂತ ಪುಸ್ತಕದ ಅಂಚಲ್ಲಿ ಬರ್ಕಳಕ್ಕೆ ಹೇಳು. ಓದೋವಾಗ ಪ್ಲಕ್ಕೆಡ್ ಅನ್ನಬಾರ್ದು, ಕೊನೇಲಿ ‘ಟ್’ ಬರ್ಬೇಕು, ಪ್ಲಕ್ಟ್.

ಆ ಟ್ಯೂಶನ್ ಮೇಡಮ್ ಹತ್ರ ಜಗಳಕ್ಕೆ ಹೋಗ್ಬ್ಯಾಡ, ಅವರು ಸೊನ್ನೆ ಕೊಟ್ಟಿದ್ದು ಸರೀನೇ ಅದೆ. ತಾಳು... ಗೇಟ್ ಹತ್ರ ಸದ್ದಾಯ್ತು. ಬಂದವ್ರೆ, ಛತ್ರಿಯೋರೇ ಇರ್ಬೇಕು. ಇಡ್ತೀನಿ ಇಡ್ತೀನಿ.