ಪೋಲಿಷ್ 'ಪೋಲೆ', ನಮ್ಮ 'ಪೊಲ': ನೆಂಟರು ಹೌದೋ ಅಲ್ಲವೋ?

ಚೊಗರು, ಶಿರಸಿ:
ಅಕ್ಕನ ಮಗ ಪೋಲೆಂಡಿನ ಕ್ರಾಕೋವ್‌ನಲ್ಲಿ ಓದುತ್ತಿದ್ದಾನೆ. ಅವನ ರೂಮ್‌ಮೇಟ್ ದಿನಾ ಸಂಜೆ ಜಾಕೆಟ್ ಏರಿಸಿಕೊಂಡು 'ನಾ ಪೋಲೆ' ಅಂತ ಹೊರಡುತ್ತಾನಂತೆ. ಡಿಕ್ಷನರಿ ನೋಡಿದರೆ 'ನಾ' ಅಂದರೆ ನಮ್ಮ 'ಕ್ಕೆ', ಪೋಲೆ ಅಂದರೆ ಹೊಲ! ಐದನೇ ಮಹಡಿಯಲ್ಲಿ ಇರುವವನಿಗೆ ಎಲ್ಲಿಯ ಹೊಲ ಮಾರಾಯ್ರೆ? ಅದಿರಲಿ. ನಮ್ಮ ಕಡೆ ಗದ್ದೆ, ತೋಟ, ಬ್ಯಾಣ ಅನ್ನುವುದೇ ಜಾಸ್ತಿ, ಆದರೆ ಹಳಗನ್ನಡದಲ್ಲಿ ಹೊಲಕ್ಕೆ 'ಪೊಲ' ಅಂತಿತ್ತಲ್ಲ. ಪೊಲ, ಪೋಲೆ. ಅರ್ಥವೂ ಒಂದೇ. ಸಂಬಂಧ ಇದೆ ಅಲ್ವಾ?

ಗಜನಿಯವ, ಕುಮಟಾ:
ಇಲ್ಲ, ಸುಮ್ನೆ ಮುಖ ಹೋಲುತ್ತದೆ ಅಷ್ಟೆ. ಪಾಲು ಹಾಲಾದ ಹಾಗೆ ಪೊಲ ಹೊಲವಾಯಿತು. ಅದರ ಒಡಹುಟ್ಟುಗಳು ತಮಿಳಿನ ಪುಲಂ, ತೆಲುಗಿನ ಪೊಲಮು. ಪೋಲೆ ಬೇರೆ ಮನೆತನ. ಅದರ ಮೂಲಕ್ಕೆ ಚಪ್ಪಟೆ, ಅಗಲ ಅನ್ನುವ ಅರ್ಥ. ಲ್ಯಾಟಿನ್ನಿನ ಪ್ಲಾನುಸ್, ಇಂಗ್ಲಿಷಿನ ಫೀಲ್ಡ್, ಫ್ಲೋರ್ ಎಲ್ಲ ಅದೇ ಕಡೆಯವು. ಇಂಗ್ಲಿಷಿನಲ್ಲಿ ಮಾತ್ರ ಪಕಾರ ಫಕಾರವಾಗಿದೆ, ಲ್ಯಾಟಿನ್ನಿನ ಪಾತೆರ್ ಇಂಗ್ಲಿಷಿನಲ್ಲಿ ಫಾದರ್ ಇರುವ ಹಾಗೆ. ದೇಶದ ಹೆಸರು ಪೋಲ್ಸ್ಕಾ ಬಂದಿದ್ದೂ ಪೋಲಾನೆ ಅನ್ನುವ ಬುಡಕಟ್ಟಿನಿಂದ, ಅಂದರೆ ಬಯಲಿನವರು. ಅವರ ದೊರೆ ಮಿಯೆಷ್ಕೊ ಕ್ರೈಸ್ತನಾಗಿದ್ದು 966ರಲ್ಲಿ.

ಕಾಳಿ ದಂಡೆ, ಕಾರವಾರ:
ರೂಮ್‌ಮೇಟ್ ಎಲ್ಲಿಯವನು ಅಂತ ಕೇಳಿ ನೋಡಿ, ಕ್ರಾಕೋವ್ ಕಡೆಯವನೇ ಇರಬೇಕು. ಅಲ್ಲಿ 'ನಾ ಪೋಲೆ' ಅಂದರೆ ಬರೀ 'ಹೊರಗೆ'. ಬಾಗಿಲು ದಾಟಿ ಡಾಂಬರು ರಸ್ತೆಗೆ ಇಳಿದರೂ ಪೋಲೆಯೇ. ವಾರ್ಸಾದವರು ಇದಕ್ಕೆ ನಗುತ್ತಾರೆ. ಅವರ ಬಾಯಲ್ಲಿ ಅದು 'ನಾ ದ್ವೂರ್'. ದ್ವೂರ್ ಅಂದರೆ ಅಂಗಳ, ಜಮೀನ್ದಾರರ ದೊಡ್ಡಮನೆಯೂ ಹೌದು. ಹಾಗಾಗಿ ಕ್ರಾಕೋವ್‌ನವರದು ತಿರುಗು ಏಟು: ನಾವು ಅರಮನೆಯಿಂದ ಹೊಲಕ್ಕೆ ಹೋಗುತ್ತೇವೆ, ನೀವು ಹೊಲದಿಂದ ಅರಮನೆಗೆ! ನಿಮಗೆ ನೆಂಟರು ಬೇಕಿದ್ದರೆ ಇಲ್ಲಿ ಹುಡುಕಿ. ದ್ವೂರ್ ಮತ್ತು ಸಂಸ್ಕೃತದಿಂದ ನಮಗೆ ಬಂದ ದ್ವಾರ, ಇವೆರಡೂ ಒಂದೇ ಬೇರಿನವು. ಇಂಗ್ಲಿಷಿನ ಡೋರ್ ಕೂಡ.

ಗಜನಿಯವ, ಕುಮಟಾ:
ಹೌದಲ್ಲ! ನಮ್ಮ ಬಯಲಿನ ಕಥೆಯೂ ಹೀಗೇ. ತಮಿಳಿನ ವಯಲ್ ಬರೀ ಗದ್ದೆ, ತೆಲುಗಿನಲ್ಲಿ ಅದೇ ಬೇರಿನ 'ಬಯಟ' ಅಂದರೆ ಹೊರಗೆ. ಕನ್ನಡದ ಬಯಲು ನಡುವೆ ನಿಂತಿದೆ. ಆದರೆ 'ಬಯಲಿಗೆ ಹೋಗಿ ಬರುತ್ತೇನೆ' ಅಂತ ಇಲ್ಲಿ ಹೇಳಿದರೆ ಕೈಯಲ್ಲಿ ಚೊಂಬು ಇದೆಯಾ ಅಂತ ನೋಡುತ್ತಾರೆ.

ಚೊಗರು, ಶಿರಸಿ:
ಪೊಲದ ಆಸೆ ಬಿಟ್ಟೆ, ದ್ವಾರ ಸಿಕ್ಕಿತಲ್ಲ, ಸಾಕು. ಎಲ್ಲ ಅಕ್ಕನ ಮಗನಿಗೆ ಕಳಿಸಿದೆ. 'ಮಾವ, ಹೊರಗೆ ಮೈನಸ್ ಆರು ಡಿಗ್ರಿ. ಪೋಲೆಯೂ ಬೇಡ, ದ್ವೂರೂ ಬೇಡ, ಕಂಬಳಿಯೊಳಗೆ ಇದ್ದೇನೆ' ಅಂತ ಉತ್ತರ ಬಂತು.